ಹಾಸಿಗೆ ಇದ್ದಷ್ಟು ಕಾಲು, ಆದರೆ ಯಾರ ಕಾಲು?

ಹೋದ ವರ್ಷ ದೀಪಾವಳಿ ಸೇಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿ ಒಂದು ಹಾಸಿಗೆ ಕೊಂಡೆವು. ಹಾಸಿಗೆ ಅನ್ನೋದು ನಮ್ಮ ಮಾತು. ಅಂಗಡಿಯ ಹುಡುಗನ ಬಾಯಲ್ಲಿ ಅದು ‘ಮ್ಯಾಟ್ರೆಸ್’. “ಕ್ವೀನಾ ಕಿಂಗಾ ಸರ್?” ಅಂದ. ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೇ ಇರೋರಿಗೆ ಕ್ವೀನ್ ಧಾರಾಳವಾಗಿ ಸಾಕು. ಆದರೆ ಶೋರೂಮಿನಲ್ಲಿ ಚಪ್ಪಲಿ ಬಿಟ್ಟು, ನಾಲ್ಕು ಜನ ಓಡಾಡುವ ಜಾಗದಲ್ಲಿ ನಾಚಿಕೊಂಡು ಒಮ್ಮೆ ಮಲಗಿ ನೋಡಿದಿರೋ, ‘ಸಾಕು’ ಅನ್ನೋ ಪದ ತಲೆಯಿಂದ ಹೊರಟುಹೋಗಿರುತ್ತದೆ. ಕಿಂಗೇ ಬಂತು. 78 ಇಂಚು ಉದ್ದ, 72 ಇಂಚು ಅಗಲ, 8 ಇಂಚು ದಪ್ಪ. ಬೆಲೆ 36,000 ರೂಪಾಯಿ. ತಿಂಗಳಿಗೆ 3,000ದಂತೆ 12 ಕಂತು, ‘ನೋ ಕಾಸ್ಟ್ ಇಎಂಐ’.

ಸುಮ್ಮನೆ ಕುತೂಹಲಕ್ಕೆ ಕೇಳಿದೆ, “ಒಂದೇ ಸಲ ದುಡ್ಡು ಕೊಟ್ರೆ ಎಷ್ಟಕ್ಕೆ ಕೊಡ್ತೀರಿ?”

“33ಕ್ಕೆ ಮಾಡ್ಕೊಡ್ತೀನಿ ಸರ್.”

ಅಂದರೆ ಬಡ್ಡಿಯೇ ಇಲ್ಲದ ಸಾಲಕ್ಕೂ ಮೂರು ಸಾವಿರದ ಬಾಲ ಇತ್ತು. ಇದೇನು ಗುಟ್ಟಿನ ಸಂಗತಿಯಲ್ಲ. 2013ರಲ್ಲೇ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಅನ್ನುವುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಗ್ರಾಹಕನ ತಲೆಗೇ ಬರುತ್ತದೆ ಎಂಬರ್ಥದ ಮಾತು ಹೇಳಿತ್ತು. ಇದೆಲ್ಲ ಗೊತ್ತಿದ್ದೂ ಸಹಿ ಹಾಕಿದೆ. ಗೊತ್ತಿಲ್ಲದೆ ಮಾಡೋ ತಪ್ಪಿಗಿಂತ ಗೊತ್ತಿದ್ದು ಮಾಡೋ ತಪ್ಪೇ ಆರಾಮಾಗಿ ಆಗುತ್ತೆ.

ಹಾಸಿಗೆ ಮನೆಗೆ ಬಂದ ಮೇಲೆ ಇನ್ನೊಂದು ಲೆಕ್ಕ ತಪ್ಪಿದ್ದು ಗೊತ್ತಾಯಿತು. ನಮ್ಮ ಮಲಗುವ ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಮಂಚ ಹಾಕಿ ಅದರ ಮೇಲೆ ಕಿಂಗನ್ನು ಕೂರಿಸಿದ ಮೇಲೆ ಬೀರುವಿನ ಬಾಗಿಲು ಅರ್ಧಕ್ಕೆ ಮಾತ್ರ ತೆರೆಯುತ್ತದೆ. ಈಗಲೂ ನಾನು ಅಂಗಿ ತೆಗೆಯೋದು ಒಂದು ಕೈ ಒಳಗೆ ತೂರಿಸಿ, ಕಳ್ಳನ ಹಾಗೆ.

ಜನವರಿಯಲ್ಲಿ ಅವ್ವ ಬಂದಳು, ಕಣ್ಣಿನ ಪೊರೆಯ ಆಪರೇಷನ್‌ಗೆ. ನಮ್ಮೂರು ಹಾವೇರಿ ಜಿಲ್ಲೆಯ ಕಡೆ. ಬಂದವಳು ಕೋಣೆಯೊಳಗೆ ಇಣುಕಿ, ಹಾಸಿಗೆಯನ್ನು ಬೆರಳಲ್ಲಿ ಒತ್ತಿ ನೋಡಿ, “ಇದೇನ ತಮ್ಮಾ, ಹಾಸಿಗಿನೋ ಕಟ್ಟಿನೋ?” ಅಂದಳು. ಎಷ್ಟಕ್ಕೆ ತಂದಿ ಅಂತ ಕೇಳಿದಳು. ಹದಿನೈದು ಸಾವಿರ ಅಂದೆ. ಸೇಲ್‌ನಾಗ ಸಿಕ್ತು ಅಂತ ಬೇರೆ ಸೇರಿಸಿದೆ. ನಾವು ಮೂವತ್ತು ದಾಟಿದವರು, ನಮ್ಮದೇ ದುಡಿಮೆ. ಆದರೂ ಬೆಲೆಯ ವಿಷಯದಲ್ಲಿ ತಾಯಂದಿರಿಗೆ ಅರ್ಧ ಕಡಿಮೆ ಹೇಳುವ ಅಭ್ಯಾಸ ನಿಮಗೂ ಇದೆಯಲ್ವಾ?

ರಾತ್ರಿ ನೀನು ಮಂಚದ ಮೇಲೆ ಮಲಗು, ನಾವು ಹಾಲ್‌ನಲ್ಲಿ ಮಲಗ್ತೀವಿ ಅಂತ ಇಬ್ಬರೂ ಎಷ್ಟು ಹೇಳಿದರೂ ಕೇಳಲಿಲ್ಲ. ಊರಿಂದ ತಂದಿದ್ದ ಜಮಖಾನ ಬಿಚ್ಚಿ ಹಾಲ್‌ನ ಮೂಲೆಯಲ್ಲಿ ಹಾಸಿದಳು, ಅದರ ಮೇಲೊಂದು ಕೌದಿ. ಎರಡು ನಿಮಿಷದ ಕೆಲಸ. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅದು ಸುತ್ತಿಕೊಂಡು ಗೋಡೆಗೆ ಒರಗಿತ್ತು. ಹಾಲ್ ಮತ್ತೆ ಹಾಲ್ ಆಗಿತ್ತು. ನಮ್ಮ ಕೋಣೆ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಹಾಸಿಗೆಯ ಕೋಣೆಯೇ.

ಇಷ್ಟಾಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ಅವ್ವ ಇದ್ದ ವಾರದಲ್ಲೇ ಊರಿಂದ ಚಿಕ್ಕವ್ವನ ಫೋನ್ ಬಂತು. ಅವಳ ಮಗ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದ. ಬೆಂಗಳೂರಿಗೆ ಬಂದು ಯಾವುದೋ ಕೋರ್ಸು ಮಾಡಿಕೊಂಡು ಕೆಲಸ ಹುಡುಕಬೇಕು ಅಂತ ಆಸೆ. “ಎರಡ ತಿಂಗಳಪಾ. ಒಂದ ಮೂಲ್ಯಾಗ ಬಿದ್ದಿರ್ತಾನ. ನಿನಗೇನ ತೊಂದ್ರಿ ಕೊಡಂಗಿಲ್ಲ” ಅಂದಳು.

ನಮ್ಮದು ಎರಡು ಕೋಣೆಯ ಫ್ಲ್ಯಾಟು. ಎರಡನೇ ಕೋಣೆಯಲ್ಲಿ ಎರಡು ಮೇಜು, ಎರಡು ಮಾನಿಟರ್, ಬಟ್ಟೆ ಒಣಗಿಸುವ ಸ್ಟ್ಯಾಂಡು, ಉಪಯೋಗಿಸದ ಟ್ರೆಡ್‌ಮಿಲ್ಲು. ವಾರಕ್ಕೆ ಮೂರು ದಿನ ಇಬ್ಬರೂ ಮನೆಯಿಂದಲೇ ಕೆಲಸ. ರಾತ್ರಿ ಕಾಲ್‌ಗಳು ಇರುತ್ತವೆ. ಇದನ್ನೆಲ್ಲ ಹೇಳಿದೆ, ಒಂದೂ ಸುಳ್ಳಲ್ಲ. ಆಮೇಲೆ, ಮಾತು ಮೆತ್ತಗಾಗಲಿ ಅಂತ, ನಗುತ್ತಾ ಒಂದು ಗಾದೆಯನ್ನೂ ಹೇಳಿಬಿಟ್ಟೆ: “ಏನ್ ಮಾಡೋದು ಚಿಕ್ಕವ್ವಾ, ಹಾಸಿಗಿ ಇದ್ದಷ್ಟ ಕಾಲ ಚಾಚಬೇಕಲ್ಲ.”

ಆ ಕಡೆ ಒಂದು ಕ್ಷಣ ಸದ್ದಿಲ್ಲ. “ಖರೇ ಐತಿ ಬಿಡಪಾ” ಅಂದಳು. ಅವ್ವನ ಕಣ್ಣು ಹೆಂಗೈತಿ ಅಂತ ಕೇಳಿ ಫೋನ್ ಇಟ್ಟಳು.

ಅವ್ವ ಅಲ್ಲೇ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದಳು. ಏನೂ ಅನ್ನಲಿಲ್ಲ. ರಾತ್ರಿ ಕಣ್ಣಿಗೆ ಔಷಧಿ ಹಾಕುವಾಗ ಮೇಲೆ ನೋಡುತ್ತಾ ಹೇಳಿದಳು: “ಆ ಮಾತು ನಿಮ್ಮಜ್ಜಿ ನಿನಗ ಹೇಳಿದ್ದಪಾ. ಮಂದಿಗೆ ಹೇಳು ಅಂತಲ್ಲ.”

ಹನಿ ಕಣ್ಣಿಗೆ ಬೀಳದೆ ಕೆನ್ನೆಗೆ ಬಿತ್ತು.

ಆ ರಾತ್ರಿ ಮೂವತ್ತಾರು ಸಾವಿರದ ಹಾಸಿಗೆಯ ಮೇಲೆ ನಿದ್ದೆ ಬರಲಿಲ್ಲ. ನಿದ್ದೆ ಬರದಿದ್ದರೆ ನಮ್ಮಂಥವರು ಏನು ಮಾಡ್ತೀವಿ? ಫೋನ್ ತೆಗೀತೀವಿ. ಗಾದೆ ಬಿಟ್ಟು, ಗಾದೆಯೊಳಗಿನ ಪದವನ್ನೇ ಹಿಡಿದು ನಿಘಂಟು ನೋಡುತ್ತಾ ಕೂತೆ. ಅವತ್ತು ಶುರುವಾದದ್ದು ಇನ್ನೂ ಮುಗಿದಿಲ್ಲ.

‘ಹಾಸಿಗೆ’ ಹುಟ್ಟಿದ್ದು ‘ಹಾಸು’ ಅನ್ನೋ ಕ್ರಿಯೆಯಿಂದ. ಹಳಗನ್ನಡದಲ್ಲಿ ಅದು ‘ಪಾಸು’. ಪಾಲು ಹಾಲಾದಂತೆ, ಪಾವು ಹಾವಾದಂತೆ, ಪುಲಿ ಹುಲಿಯಾದಂತೆ ಪಾಸು ಹಾಸಾಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಎರಡೂ ರೂಪಗಳು ಸಿಗುತ್ತವೆ. ತಮಿಳಿನಲ್ಲಿ ‘ಪಾಯ್’ ಅಂದರೆ ಚಾಪೆ, ಮಲಯಾಳದಲ್ಲಿ ‘ಪಾಯ’ ಅಂದರೂ ಚಾಪೆ. ಒಂದೇ ಮನೆತನದ ಮಾತುಗಳು. ಮೂಲದಲ್ಲಿರುವುದು ಹರಡುವ, ಬಿಡಿಸಿ ಹಾಕುವ ಕೆಲಸ.

ಇಲ್ಲೇ ನನಗೆ ಮೊದಲ ಸಲ ಏನೋ ತಟ್ಟಿದ್ದು. ಅಡು ಅನ್ನೋದರಿಂದ ಅಡಿಗೆ. ಹೊಲಿ ಅನ್ನೋದರಿಂದ ಹೊಲಿಗೆ. ಬೆಸೆ ಅನ್ನೋದರಿಂದ ಬೆಸುಗೆ. ಹಾಗೆಯೇ ಹಾಸು ಅನ್ನೋದರಿಂದ ಹಾಸಿಗೆ. ಇವೆಲ್ಲ ವಸ್ತುವಿನ ಹೆಸರಾಗುವ ಮೊದಲು ಕೆಲಸದ ಹೆಸರುಗಳು. ಅಡಿಗೆ ಇದೆ ಅಂದರೆ ಯಾರೋ ಅಟ್ಟಿದ್ದಾರೆ. ಹೊಲಿಗೆ ಇದೆ ಅಂದರೆ ಯಾರೋ ಹೊಲಿದಿದ್ದಾರೆ. ಹಾಸಿಗೆ ಇದೆ ಅಂದರೆ ಯಾರೋ ಹಾಸಿದ್ದಾರೆ. ಮಲಗುವವನಿಗೆ ಕಾಣದಿದ್ದರೂ ಹಾಸಿದ ಕೈ ಆ ಪದದೊಳಗೇ ಇದೆ.

ಮಂಚ ಹಾಗಲ್ಲ. ಅದು ಸಂಸ್ಕೃತದಿಂದ ಬಂದ ಪದ, ಬಡಗಿ ಮಾಡಿಕೊಟ್ಟು ಹೋದ ಮೇಲೆ ಇದ್ದಲ್ಲೇ ಇರುವ ವಸ್ತು. ನಮ್ಮ ಕಡೆ ದಪ್ಪ ಹಾಸಿಗೆಗೆ ಗಾದಿ ಅಂತೀವಿ. ಗಾದಿ ಅಂದರೆ ಅಧಿಕಾರದ ಪೀಠವೂ ಹೌದು, ಒಮ್ಮೆ ಏರಿದವರು ಇಳಿಯೋದು ಕಷ್ಟ. ಇಂಗ್ಲಿಷಿನ ಮ್ಯಾಟ್ರೆಸ್ ಇನ್ನೂ ಮಜಾ. ಅದರ ಬೇರು ಅರಬಿಯಲ್ಲಿದೆ. ಎಸೆಯುವುದು ಅನ್ನೋ ಅರ್ಥದ ಕ್ರಿಯೆಯಿಂದ ಹುಟ್ಟಿದ ‘ಮತ್ರಹ್’ ಅಂದರೆ ಏನನ್ನಾದರೂ ಎಸೆದ ಜಾಗ. ನೆಲದ ಮೇಲೆ ಮೆತ್ತೆ ಎಸೆದು ಮಲಗುವ ಅರಬರ ರೂಢಿಯಿಂದ ಇಟಲಿಗೆ ಹೋಗಿ, ಫ್ರಾನ್ಸ್ ದಾಟಿ, ಇಂಗ್ಲೆಂಡ್ ಸೇರಿ, ಕೊನೆಗೆ ನಮ್ಮ ಬಡಾವಣೆಯ ಶೋರೂಮಿಗೆ ಬಂತು. ಅಂದರೆ ಆ ಪದವೂ ಹುಟ್ಟಿದಾಗ ನೆಲದ ಮೇಲೇ ಇತ್ತು. ಅದೂ ಒಂದು ಕೈಯ ಕೆಲಸವೇ ಆಗಿತ್ತು. ದಾರಿಯಲ್ಲಿ ಎಲ್ಲೋ ಆ ಕೈ ಉದುರಿಹೋಯಿತು, ಫೋಮ್ ಉಳಿಯಿತು.

ನಮ್ಮ ಮನೆಯಲ್ಲಿ ಹಾಸುತ್ತಿದ್ದವಳು ಅವ್ವ. ಊಟ ಮುಗಿದು, ಪಾತ್ರೆ ತೊಳೆದು, ಪಡಸಾಲೆ ಗುಡಿಸಿ, ಗೋಡೆಗೆ ಒರಗಿದ್ದ ಸುರುಳಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಮೊದಲು ಅಜ್ಜನದು, ಬಾಗಿಲ ಹತ್ತಿರ. ಆಮೇಲೆ ಅಜ್ಜಿಯದು. ಆಮೇಲೆ ಅಪ್ಪನದು. ಆಮೇಲೆ ನಮ್ಮದು, ಮಕ್ಕಳಿಗೆಲ್ಲ ಸೇರಿ ಒಂದೇ ಜಮಖಾನ. ಎಲ್ಲ ಹಾಸಿ ಮುಗಿದ ಮೇಲೆ ಅವಳು ಎಲ್ಲಿ ಮಲಗುತ್ತಿದ್ದಳು? ನಿಜ ಹೇಳ್ತೀನಿ, ಎಷ್ಟು ಯೋಚಿಸಿದರೂ ನನಗೆ ಅವಳ ಹಾಸಿಗೆಯ ಚಿತ್ರವೇ ಬರುವುದಿಲ್ಲ. ಅಡಿಗೆಮನೆಯ ಹೊಸ್ತಿಲ ಹತ್ತಿರ ಒಂದು ಚಾಪೆ ಇತ್ತು. ಅದರ ಮೇಲೆ ಇದ್ದಿರಬೇಕು. ನಾವು ಕಣ್ಣು ಮುಚ್ಚುವಾಗ ಅವಳು ಎದ್ದಿರುತ್ತಿದ್ದಳು, ಕಣ್ಣು ಬಿಡುವಾಗಲೂ ಎದ್ದಿರುತ್ತಿದ್ದಳು. ಅಟ್ಟವಳಿಗೆ ಅಡಿಗೆ ಕೊನೆಗೆ, ಹಾಸಿದವಳಿಗೆ ಹಾಸಿಗೆ ಕೊನೆಗೆ. ಅವಳ ವಿಷಯದಲ್ಲಿ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನೋ ಮಾತಿಗೆ ಏನು ಅರ್ಥ? ಇಪ್ಪತ್ತು ವರ್ಷ ಅವಳು ಚಾಚಿದ್ದೇ ಇಲ್ಲ.

ಹಾಸಿಗೆ ಮಾಡುವುದರ ಹಿಂದೆಯೂ ಕೈಗಳಿದ್ದವು. ಹತ್ತಿಯ ಗಾದಿ ಗಟ್ಟಿಯಾದಾಗ ಓಣಿಗೆ ಪಿಂಜಾರರು ಬರುತ್ತಿದ್ದರು. ಹೆಗಲ ಮೇಲೆ ದೊಡ್ಡ ಬಿಲ್ಲು, ನಾರಿ ಮೀಟಿದರೆ ಟಂಯ್ ಟಂಯ್. ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮೋಡದ ಹಾಗೆ ಉಬ್ಬಿಸಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ನಮ್ಮ ಗಾದಿಯನ್ನು ಮೆತ್ತಗೆ ಮಾಡಿದ ಆ ಹತ್ತಿಯ ಧೂಳನ್ನು ಅವರು ಉಸಿರಾಡುತ್ತಿದ್ದರು. ಕೌದಿಯನ್ನು ಅಜ್ಜಿ, ಅವ್ವ ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಿದ್ದರು. ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಹೀಗೆ ಚೂರು ಬಟ್ಟೆ ಜೋಡಿಸಿ ಹೊಲಿಯುತ್ತಾರೆ, ಅವರದು ಕವಂದಿ. ಅವ್ವನ ಜಮಖಾನ ನವಲಗುಂದದ್ದು. ಅಲ್ಲಿ ಅದನ್ನು ಹೆಂಗಸರೇ ನೇಯುತ್ತಾರೆ. ನವಿಲು, ಚೌಕ, ಗೆರೆ. ಈಗ ಅದಕ್ಕೆ ಜಿಐ ಮಾನ್ಯತೆಯೂ ಇದೆ.

ಹಾಸು ಅನ್ನೋದಕ್ಕೆ ಮಗ್ಗದಲ್ಲಿ ಇನ್ನೊಂದು ಅರ್ಥವಿದೆ. ಉದ್ದಕ್ಕೆ ಬಿಗಿದು ಕಟ್ಟಿದ ನೂಲು ಹಾಸು. ಅದರ ನಡುವೆ ಅಡ್ಡಡ್ಡ ಹೊಗುವ ನೂಲು ಹೊಕ್ಕು. ನಾವು ಭಾಷಣದಲ್ಲಿ ‘ಹಾಸುಹೊಕ್ಕಾಗಿದೆ’ ಅಂತ ಸಲೀಸಾಗಿ ಹೇಳ್ತೀವಲ್ಲ, ಅದು ನೇಕಾರರ ಮನೆಯಿಂದ ಕಡ ತಂದ ಮಾತು. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಗಾದೆಗೆ ಬರೋಣ.

‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಅಂದಾಗ ಎಲ್ಲರೂ ಬರೆದದ್ದು ಒಂದೇ: ಆದಾಯಕ್ಕೆ ತಕ್ಕ ಖರ್ಚು ಮಾಡಬೇಕು, ಸಾಲ ಮಾಡಬಾರದು. ಐದಕ್ಕೆ ನಾಲ್ಕು ಅಂಕ ಗ್ಯಾರಂಟಿ. ತಪ್ಪೇನೂ ಅಲ್ಲ. ಮೂರು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ತೀರಿಸುವ ಗೆಳೆಯರನ್ನು ನೋಡಿದವರಿಗೆ ಈ ಗಾದೆಯ ಬೆಲೆ ಗೊತ್ತು. ನನ್ನ ಅರ್ಧ ತೆರೆಯುವ ಬೀರುವಿಗೂ ಗೊತ್ತು.

ಆದರೆ ಇದನ್ನು ಯಾವಾಗಲೂ ಪಾಲಿಸಿದ್ದರೆ ನಾನು ಇಲ್ಲಿ ಕೂತು ಬರೆಯುತ್ತಿರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಅವನ ಹಾಸಿಗೆ ಅಷ್ಟು ಉದ್ದ ಇರಲಿಲ್ಲ. ಎರಡು ಎಕರೆ ಹೊಲ ಅಡ ಇಟ್ಟ. ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಇದೇ ಗಾದೆಯನ್ನು ಅವನಿಗೆ ಹೇಳಿದ್ದರು. ಅವರ ಮಗ ಅಷ್ಟರಲ್ಲಾಗಲೇ ಹುಬ್ಬಳ್ಳಿಯಲ್ಲಿ ಓದುತ್ತಿದ್ದ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡು, ಮರುದಿನ ಹೋಗಿ ಸಹಿ ಹಾಕಿ ಬಂದ. ಕಾಲನ್ನು ಹಾಸಿಗೆಯ ಆಚೆಗೆ ಚಾಚಿದ. ತಣ್ಣನೆ ನೆಲ ತಾಗಿತು, ಐದು ವರ್ಷ ತಾಗುತ್ತಲೇ ಇತ್ತು. ಅದು ಅವನ ಕಾಲಿಗೆ ಗೊತ್ತು, ನನಗೆ ಪೂರ್ತಿ ಗೊತ್ತಿಲ್ಲ.

ಹಾಗಾದರೆ ಗಾದೆ ಸರಿಯೋ ತಪ್ಪೋ? ಬಹಳ ದಿನ ಈ ಪ್ರಶ್ನೆಯನ್ನೇ ತಿರುವಿಹಾಕುತ್ತಿದ್ದೆ. ಆಮೇಲೆ ಅನ್ನಿಸಿತು, ಪ್ರಶ್ನೆಯೇ ಸರಿಯಿಲ್ಲ. ಕೇಳಬೇಕಾದದ್ದು ಇದು: ಯಾರು ಹೇಳ್ತಿದ್ದಾರೆ, ಯಾರಿಗೆ?

ನಾನು ನನಗೇ ಹೇಳಿಕೊಂಡರೆ ಅದು ವಿವೇಕ. ಶೋರೂಮಿನಲ್ಲಿ, ಕ್ವೀನೋ ಕಿಂಗೋ ಅಂತ ಕೇಳಿದ ಹೊತ್ತಿನಲ್ಲಿ, ಅದನ್ನು ನಾನು ನನಗೆ ಹೇಳಿಕೊಳ್ಳಬೇಕಿತ್ತು. ಆಗ ನೆನಪಾಗಲಿಲ್ಲ. ಉಳ್ಳವನು ಇಲ್ಲದವನಿಗೆ ಹೇಳಿದರೆ ಅದೇ ಮಾತು ಬಾಗಿಲು ಹಾಕುವ ಸದ್ದಾಗುತ್ತದೆ. ಕಟ್ಟೆಯ ಹಿರಿಯರು ಅಪ್ಪನಿಗೆ ಹೇಳಿದ್ದು ಅದನ್ನೇ: ನಿನ್ನ ಹಾಸಿಗೆ ಇಷ್ಟೇ, ಅದರೊಳಗೇ ಮುದುಡಿಕೋ. ಹಾಸಿಗೆ ಏಕೆ ಇಷ್ಟೇ ಆಯಿತು, ಯಾರದ್ದು ಏಕೆ ಅಷ್ಟುದ್ದ ಆಯಿತು ಅಂತ ಗಾದೆ ಕೇಳುವುದಿಲ್ಲ. ತಲೆಮಾರುಗಳಿಂದ ಕೆಲವರಿಗೆ ಕಾಲು ಮಡಚುವುದನ್ನೇ ಕಲಿಸಿದ್ದೇವೆ, ಅದಕ್ಕೆ ತೃಪ್ತಿ ಅಂತ ಹೆಸರಿಟ್ಟಿದ್ದೇವೆ.

ನಾನು ಚಿಕ್ಕವ್ವನಿಗೆ ಹೇಳಿದ್ದು ಇನ್ನೂ ವಿಚಿತ್ರ. ಅಲ್ಲಿ ಹಾಸಿಗೆ ನನ್ನದು, ಕಾಲೂ ನನ್ನದೇ ಅನ್ನೋ ಹಾಗೆ ಮಾತಾಡಿದೆ. ನನಗೆ ಜಾಗ ಸಾಲದು ಅಂತ ವಿನಯ ನಟಿಸಿದೆ. ಎಂಟು ಇಂಚು ದಪ್ಪದ ಕಿಂಗ್ ಸೈಜಿನ ಮೇಲೆ ಕೂತು ಬಡತನದ ಗಾದೆ ಹೇಳಿದೆ. ನನ್ನ ಆಸೆಗೆ ಕಂತಿನಲ್ಲಿ ಹಾಸಿಗೆ ಉದ್ದ ಮಾಡಿಕೊಂಡವನು ಇನ್ನೊಬ್ಬನ ಅಗತ್ಯಕ್ಕೆ ಬಂದಾಗ ಟೇಪು ಹಿಡಿದು ಅಳೆದೆ.

ಇಲ್ಲಿ ನನ್ನ ಕಡೆಯಿಂದಲೂ ಒಂದು ಮಾತು ಹೇಳಬೇಕು. ನೀವು ಇಂಥದೇ ಫ್ಲ್ಯಾಟಿನಲ್ಲಿ ಇರೋರು, ಆದ್ದರಿಂದ ನಿಮಗೆ ಅರ್ಥವಾಗುತ್ತೆ. ನನ್ನ ಹೆಂಡತಿ ಬೆಳಿಗ್ಗೆ ಏಳರಿಂದ ಕೆಲಸ ಮಾಡ್ತಾಳೆ. ಮನೆಗೆ ಒಬ್ಬ ಹುಡುಗ ಬಂದರೆ ಅವನ ಊಟ, ಬಟ್ಟೆ, ಬಾತ್‌ರೂಮಿನ ಸರದಿ ಎಲ್ಲ ಹೆಚ್ಚು ಬೀಳೋದು ಯಾರ ತಲೆ ಮೇಲೆ? ಅವ್ವನ ಕಾಲದ ಧಾರಾಳತನವನ್ನು ಹಾಸುತ್ತಿದ್ದದ್ದು ಅವ್ವನೇ, ಅಪ್ಪನಲ್ಲ. ಅತಿಥಿ ಬಂದರೆ ಅಪ್ಪ “ಬರ್ರಿ ಬರ್ರಿ” ಅಂತಿದ್ದ, ಅವ್ವ ಇನ್ನೊಂದು ಸುರುಳಿ ಬಿಡಿಸುತ್ತಿದ್ದಳು. ಆ ಲೆಕ್ಕ ಮರೆತು ಹಳೇ ಕಾಲ ಎಷ್ಟು ಚೆನ್ನಾಗಿತ್ತು ಅಂತ ಕೊರಗೋದು ಗಂಡಸರಿಗೆ ಸುಲಭ. ಇನ್ನೊಬ್ಬರು ಹಾಸಿಕೊಡುವ ಹಾಸಿಗೆಯ ಮೇಲೆ ನಾನು ಔದಾರ್ಯ ತೋರಿಸೋ ಹಾಗಿಲ್ಲ. ಈ ಮಾತು ನಿಜ. ಆದರೆ ಚಿಕ್ಕವ್ವನ ಜೊತೆ ಮಾತಾಡುವಾಗ ಇದು ನನ್ನ ತಲೆಯಲ್ಲಿ ಇರಲಿಲ್ಲ. ಹೆಂಡತಿಯನ್ನು ನಾನು ಕೇಳಲೂ ಇಲ್ಲ. ಆಮೇಲೆ ಕೇಳಿದಾಗ ಅವಳು, “ಎರಡು ತಿಂಗಳು ತಾನೆ, ಪಾತ್ರೆ ತೊಳೀತಾನಾ ಕೇಳು” ಅಂದಳು. ಅಷ್ಟೇ! ನಾನು ಯಾರ ಹೆಸರಲ್ಲಿ ಬೇಡ ಅಂದೆನೋ ಅವಳಿಗೆ ಬೇಡವಾಗಿರಲಿಲ್ಲ.

ಮೂರು ದಿನ ಬಿಟ್ಟು ಅವ್ವ ತಾನಾಗಿ ಒಂದು ಕಥೆ ಹೇಳಿದಳು. ಅಪ್ಪ ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಅವರ ದೊಡ್ಡಪ್ಪನ ಮನೆಯಲ್ಲಿದ್ದನಂತೆ. ಮನೆ ಅಂದರೆ ಒಂದೇ ಖೋಲಿ. ದೊಡ್ಡಪ್ಪ, ದೊಡ್ಡವ್ವ, ಮೂರು ಮಕ್ಕಳು. ಇವನು ಆರನೆಯವನು. ಇದ್ದದ್ದು ಒಂದು ದೊಡ್ಡ ಜಮಖಾನ.

“ಆರ್ ಮಂದಿ ಹೆಂಗ ಹಿಡಿಸ್ತಿದ್ರವ್ವಾ?”

“ಅಡ್ಡಡ್ಡ ಮಲಗತಿದ್ರು” ಅಂದಳು. “ಉದ್ದಕ್ಕ ಮಲಗಿದ್ರ ಮೂರ್ ಮಂದಿಗೆ ಆಗೂದು. ಅಡ್ಡ ಮಲಗಿದ್ರ ಆರ್ ಮಂದಿ. ಎಲ್ಲಾರ ಕಾಲೂ ನೆಲದ ಮ್ಯಾಲ.”

ಮದುವೆ ಮನೆಗಳಲ್ಲಿ ನಾವೂ ಹಾಗೇ ಮಲಗಿದ್ದೇವೆ. ಹದಿನೈದು ಹುಡುಗರು ಒಂದೇ ಸಾಲಿನಲ್ಲಿ, ತಲೆ-ಬೆನ್ನು ಜಮಖಾನದ ಮೇಲೆ, ಮೊಣಕಾಲಿನಿಂದ ಕೆಳಗೆ ಬರೀ ನೆಲ. ಚಳಿಯಾಗುತ್ತಿತ್ತು. ಯಾರೋ ಯಾರದೋ ಮೇಲೆ ಕಾಲು ಹಾಕುತ್ತಿದ್ದರು. ನಿದ್ದೆ ಚೆನ್ನಾಗೇ ಬರುತ್ತಿತ್ತು.

ಗಾದೆಗೆ ನನಗೆ ಗೊತ್ತಿದ್ದದ್ದು ಎರಡೇ ಉತ್ತರ. ಒಂದು ಕಾಲು ಮಡಚುವುದು, ಇನ್ನೊಂದು ಸಾಲ ಮಾಡಿ ಹಾಸಿಗೆ ಉದ್ದ ಮಾಡುವುದು. ಅಜ್ಜ-ಅಜ್ಜಿ ಮೊದಲನೆಯದರಲ್ಲಿ ಬದುಕಿದರು, ನಾವು ಎರಡನೆಯದರಲ್ಲಿ. ಎರಡರಲ್ಲೂ ಹಾಸಿಗೆಯ ಮೇಲೆ ಒಬ್ಬನೇ ಮಲಗಿದ್ದಾನೆ ಅನ್ನೋದನ್ನು ಗಮನಿಸಿ. ಮೂರನೇ ಉತ್ತರ ಅಪ್ಪನ ದೊಡ್ಡಪ್ಪನ ಖೋಲಿಯಲ್ಲಿತ್ತು. ಹಾಸಿಗೆ ಅಷ್ಟೇ, ಕಾಲೂ ಅಷ್ಟೇ. ಮಲಗುವ ದಿಕ್ಕು ಬದಲಾಯಿಸಿದರು. ಪ್ರತಿಯೊಬ್ಬರ ಕಾಲಿಗೂ ಒಂದಿಷ್ಟು ತಣ್ಣನೆ ನೆಲ ಸಿಕ್ಕಿತು, ಪ್ರತಿಯೊಬ್ಬರ ಬೆನ್ನಿಗೂ ಹಾಸು ಸಿಕ್ಕಿತು. ಯಾರೂ ಪೂರ್ತಿ ಸುಖವಾಗಿರಲಿಲ್ಲ, ಯಾರೂ ಹೊರಗೂ ಇರಲಿಲ್ಲ.

ಮಗ್ಗದ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಉದ್ದದ ನೂಲು ಎಷ್ಟೇ ಇದ್ದರೂ ಅಡ್ಡ ನೂಲು ಹೊಗದೆ ಅದು ಬಟ್ಟೆಯಾಗುವುದಿಲ್ಲ.

ಆ ಖೋಲಿಯಲ್ಲಿ ಆರನೆಯವನಿಗೆ ಜಾಗ ಆಗದಿದ್ದರೆ ಅಪ್ಪ ಐಟಿಐ ಓದುತ್ತಿರಲಿಲ್ಲ. ಡಿಪೋದ ಕೆಲಸ ಸಿಗುತ್ತಿರಲಿಲ್ಲ. ನನಗೆ ಎಂಜಿನಿಯರಿಂಗ್ ಇಲ್ಲ, ಬೆಂಗಳೂರಿಲ್ಲ, ಕಿಂಗ್ ಸೈಜ್ ಇಲ್ಲ. ನಾನು ‘ನನ್ನ ಹಾಸಿಗೆ’ ಅಂತ ಯಾವುದನ್ನು ಅಳೆದೆನೋ ಅದರ ಒಂದು ತುದಿಯನ್ನು ನಾನು ಮುಖವನ್ನೇ ನೋಡದ ಒಬ್ಬ ದೊಡ್ಡವ್ವ ಹುಬ್ಬಳ್ಳಿಯಲ್ಲಿ ಹಾಸಿದ್ದಳು.

ಅಜ್ಜಿ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ಎಷ್ಟು ಸರಿಯಾದ ಮಾತು ನೋಡಿ ಅದು. ಮನುಷ್ಯ ಹಾಸಿಗೆಯನ್ನು ಹಿಡಿದನೋ, ಹಾಸಿಗೆ ಮನುಷ್ಯನನ್ನು ಹಿಡಿಯಿತೋ ಹೇಳೋಕಾಗಲ್ಲ. ಅಷ್ಟು ವರ್ಷ ತನ್ನ ಹಾಸಿಗೆಯನ್ನು ತಾನೇ ಸುತ್ತಿಡುತ್ತಿದ್ದವಳ ಮೈಕೆಳಗಿನ ಬಟ್ಟೆಯನ್ನು ಅವ್ವ ದಿನಕ್ಕೆ ಮೂರು ಸಲ ಬದಲಾಯಿಸಿ ಹಾಸುತ್ತಿದ್ದಳು. ಹುಟ್ಟಿದಾಗ ಯಾರೋ ಹಾಸಿದ್ದರ ಮೇಲೆ ಬೀಳುತ್ತೇವೆ, ಹೋಗುವಾಗಲೂ ಯಾರೋ ಹಾಸಬೇಕು. ನಡುವಿನ ಕೆಲವು ವರ್ಷ ಮಾತ್ರ ನಮ್ಮ ಹಾಸಿಗೆ ನಮ್ಮ ದುಡ್ಡಿನದು ಅನ್ನೋ ಭ್ರಮೆ ಇರುತ್ತದೆ. ಆ ಭ್ರಮೆಯ ವಯಸ್ಸಿನಲ್ಲೇ ನಾವೆಲ್ಲ ಈಗ ಇದ್ದೇವೆ.

ಹೆಂಡತಿಯ ಒಪ್ಪಿಗೆ ತಗೊಂಡು ಚಿಕ್ಕವ್ವನಿಗೆ ಫೋನ್ ಮಾಡುವ ಹೊತ್ತಿಗೆ ಎರಡು ವಾರ ಕಳೆದಿತ್ತು. “ಅವಾಗ್ಲೇ ಹ್ವಾದ್ನಪಾ. ದೋಸ್ತನ ಕೂಡ ಪಿಜಿಯೊಳಗ ಅದಾನ. ನೀ ಚಿಂತಿ ಮಾಡಬ್ಯಾಡ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದೆವು. ಮೂರು ಹಂಚಿಕೆಯ ಕೋಣೆ, ತಿಂಗಳಿಗೆ ಏಳು ಸಾವಿರ ಅಂದ. ಮಂಚದ ಅಗಲ ಎಷ್ಟು ಅಂತ ಕೇಳಿದೆ, ಯಾಕೆ ಕೇಳಿದೆನೋ ಗೊತ್ತಿಲ್ಲ. “ಮಗ್ಗಲಾದ್ರ ಬೀಳ್ತೀನಿ ಅಣ್ಣಾ” ಅಂತ ನಕ್ಕ. ಊಟ ಆದಮೇಲೆ ಯಾರೂ ಹೇಳದೆ ಎದ್ದು ಪಾತ್ರೆ ತೊಳೆದ. ರಾತ್ರಿ ಇಲ್ಲೇ ಇರು ಅಂದೆ. “ಹತ್ತಕ್ಕ ಗೇಟ್ ಹಾಕ್ತಾರ” ಅಂತ ಹೊರಟ. ಅವನಿಗೆ ಈಗ ಕೆಲಸ ಸಿಕ್ಕಿದೆ. ಸಿಗಬೇಕಾದದ್ದೇ. ಅದರಲ್ಲಿ ನನ್ನ ಪಾಲು ಏನೂ ಇಲ್ಲ, ಮತ್ತು ಆ ‘ಏನೂ ಇಲ್ಲ’ ಅನ್ನೋದನ್ನು ಈಗ ಸರಿಮಾಡಲು ಬರುವುದಿಲ್ಲ.

ಅವ್ವ ಊರಿಗೆ ಹೋಗುವಾಗ ಜಮಖಾನ ಇಲ್ಲೇ ಬಿಟ್ಟು ಹೋದಳು. ಭಾರ ಆಗುತ್ತೆ ಅಂದಳು. ಬರುವಾಗ ಭಾರ ಆಗಿರಲಿಲ್ಲ. ಟ್ರೆಡ್‌ಮಿಲ್ಲನ್ನು ಮಾರಿದೆವು. ಆ ಗೋಡೆಗೆ ಈಗ ಜಮಖಾನ ಸುತ್ತಿ ಒರಗಿಸಿದೆ. ಅವ್ವ ಹೋದ ಮೇಲೆ ಎರಡು ಸಲ ಬಿಚ್ಚಿದ್ದೇವೆ. ಒಮ್ಮೆ ಹೆಂಡತಿಯ ಗೆಳತಿ ಮನೆ ಬದಲಾಯಿಸುವ ನಡುವಿನ ವಾರದಲ್ಲಿ, ಒಮ್ಮೆ ಊರಿನ ನಾಲ್ಕು ಹುಡುಗರು ಪರೀಕ್ಷೆ ಬರೆಯಲು ಬಂದಾಗ. ಎರಡು ಸಲವೂ ನಾನೇ ಹಾಸಿದೆ. ಮೊದಲ ಸಲ ಸೊಟ್ಟಗಾಯಿತು.

ಆ ನಾಲ್ವರೂ ಉದ್ದಕ್ಕೆ ಮಲಗಲು ನೋಡಿದರು, ಒಬ್ಬ ಹೊರಗೆ ಉಳಿದ. “ಅಡ್ಡ ಮಲಗ್ರಿ” ಅಂದೆ.

ಕಿಂಗ್ ಸೈಜಿನದು ಇನ್ನೂ ಎರಡು ಕಂತು ಬಾಕಿ ಇದೆ.